ಅಮ್ಮ ಮತ್ತು ಟವರ್: ರೋಗಕಥನಗಳಲ್ಲಿ ರೂಪಕದ ಎರಡು ಗತಿಗಳು

ಪುರಾಣದ ದೇವತೆಗಳು ತೆರವು ಮಾಡಿದ ಪೀಠದಲ್ಲಿ ಆಧುನಿಕರು ಗುಪ್ತ ಸಂಚುಗಾರರನ್ನು ಕೂರಿಸಿದ್ದಾರೆ ಎಂಬುದು ಕಾರ್ಲ್ ಪಾಪರ್ ಅವರ ಪ್ರಸಿದ್ಧ ವಾದ. ಟ್ರಾಯ್ ಯುದ್ಧ ಒಲಿಂಪಸ್ಸಿನ ಒಳಸಂಚುಗಳ ಪ್ರತಿಬಿಂಬವೆಂಬ ಹೋಮರನ ಕಲ್ಪನೆಯನ್ನೇ ಅವರು ಇದರ ಮೂಲರೂಪವಾಗಿ ಕಾಣುತ್ತಾರೆ. ವಂಶಾವಳಿಯೇನೋ ಆಕರ್ಷಕವಾಗಿದೆ. ಆದರೆ ಇಲಿಯಡ್‌ನ ಝ್ಯೂಸ್ ಸ್ವಂತ ಮಗ ಸಾರ್ಪೆಡಾನನನ್ನು ಸಾವಿಗೆ ಬಿಟ್ಟುಕೊಡಬೇಕಾಗಿ ಬಂದು ನೆತ್ತರ ಮಳೆ ಸುರಿಸುತ್ತಾನೆ. ಸಂಚಿನ ಕಥನದ ಸೂತ್ರಧಾರ ಸೋಲುವುದಿಲ್ಲ. ಅಳುವುದಂತೂ ಇಲ್ಲವೇ ಇಲ್ಲ.

ಈ ಅಂತರ ರೋಗದ ಕಥನಗಳಲ್ಲಿ ಇನ್ನಷ್ಟು ಸ್ಪಷ್ಟ. ಸಿಡುಬನ್ನು ಕನ್ನಡ ‘ಅಮ್ಮ’ ಎಂದು ಕರೆಯಿತು. ತಮಿಳು ‘ಅಮ್ಮೈ’, ತೆಲುಗು ‘ಅಮ್ಮವಾರು’, ಮರಾಠಿ ‘ದೇವಿ’ ಎಂದವು. ಗಡಿಯ ದ್ವಿಭಾಷಿಕರಿಗೆ ಇಲ್ಲಿ ಅನುವಾದದ ತೊಡಕೇ ಇಲ್ಲ. ರೋಗ ತರುವವಳೂ ಇಳಿಸುವವಳೂ ಒಬ್ಬಳೇ ಆದುದರಿಂದ ರೋಗಿಯ ಮೈ ಅವಳು ಬಂದಿಳಿದ ನೆಲೆಯಾಗುತ್ತದೆ. ಬೇವಿನ ಸೊಪ್ಪು, ತಂಪಿನ ಆಹಾರ ಅವಳಿಗೆ ಸಲ್ಲುವ ಉಪಚಾರ. ದೇವಿ ಮುನಿದಾಳೆಂಬ ಅಂಜಿಕೆ ಲಸಿಕೆಗೆ ಅಡ್ಡಬಂದದ್ದೂ ಉಂಟು. ಪುರಾಣವನ್ನು ನಿರ್ದೋಷಿಯೆಂದು ಬಿಂಬಿಸಬೇಕಿಲ್ಲ. ಆದರೂ ಮರಾಠಿಯಲ್ಲಿ ಲಸಿಕೆ ಹಾಕುವುದೇ ‘ದೇವಿ ಟೋಚಣೆ’ ಆಯಿತು. ರೋಗವನ್ನು ಅಳಿಸಬಲ್ಲ ಸೂಜಿಗೂ ರೂಪಕ ತನ್ನ ಹೆಸರನ್ನೇ ಕೊಟ್ಟಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬಿನ ನಿರ್ಮೂಲನೆಯನ್ನು ಘೋಷಿಸಿದ ಮೇಲೂ ‘ಅಮ್ಮ’ ಸೀತಾಳೆ ಸಿಡುಬಿನ ಹೆಸರಾಗಿ ಉಳಿದಿದ್ದಾಳೆ.

ಇದಕ್ಕೆ ಎದುರಾಗಿ 2020ರ ಬ್ರಿಟನ್ನನ್ನು ಇಡಬಹುದು. ಆ ಏಪ್ರಿಲ್‌ನಲ್ಲಿ ಅಲ್ಲಿಯ ಮೊಬೈಲ್ ಟವರ್‌ಗಳಿಗೆ ಬೆಂಕಿ ಇಡಲಾಯಿತು. ಕೋವಿಡ್‌ಗೆ 5ಜಿ ಅಲೆಗಳೇ ಕಾರಣವೆಂಬ ನಂಬಿಕೆ ಇದರ ಹಿಂದಿತ್ತು. ಕಣ್ಣಿಗೆ ಕಾಣದ್ದು, ಗಾಳಿಯಲ್ಲಿ ಬರುವುದು, ದೇಶದೇಶಗಳಿಗೆ ಹಬ್ಬುವುದು: ಅಲೆಗೂ ವೈರಾಣುವಿಗೂ ಇರುವ ಸಾಮ್ಯ ಇಷ್ಟೇ. ಕವಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಇಲ್ಲಿ ಸಾಮ್ಯವೇ ಸಾಕ್ಷ್ಯವಾಗಿಬಿಟ್ಟಿತು.

ಅಲಂಕಾರಶಾಸ್ತ್ರ ಈ ಭೇದವನ್ನು ಚೆನ್ನಾಗಿ ಬಲ್ಲದು. ರೂಪಕದಲ್ಲಿ ಅಭೇದವೆಂಬುದು ಅರಿತೇ ಮಾಡುವ ಆರೋಪ. ಭ್ರಾಂತಿಮಾನ್ ಅಲಂಕಾರದಲ್ಲಿ ಪಾತ್ರ ನಿಜವಾಗಿಯೇ ಮೋಸಹೋಗುತ್ತದೆ, ಕವಿ ಮೋಸಹೋಗುವುದಿಲ್ಲ. ಸಂಚಿನ ಕಥನ ಕವಿಯಿಲ್ಲದ ಭ್ರಾಂತಿಮಾನ್. ಪಾತ್ರಕ್ಕಿಂತ ಹೆಚ್ಚು ತಿಳಿದವರು ಅದರೊಳಗೆ ಯಾರೂ ಇಲ್ಲ. 5ಜಿ ಇಲ್ಲದ ಊರುಗಳಲ್ಲೂ ರೋಗ ಹರಡಿತೆಂದರೆ, ಅದು ಮುಚ್ಚಿಟ್ಟ ಟವರ್‌ಗಳಿಗೆ ಪುರಾವೆಯಾದೀತು. ಅಮ್ಮನಿಗಾದರೆ ಹರಕೆ ಕಟ್ಟಿಕೊಳ್ಳಬಹುದಿತ್ತು, ಬೀಳ್ಕೊಡಬಹುದಿತ್ತು. ಟವರ್‌ನೊಡನೆ ಅಂಥ ಯಾವ ಮಾತುಕತೆಯೂ ಸಾಧ್ಯವಿಲ್ಲ. ಅದೇ ದಿನಗಳಲ್ಲಿ ಅಲ್ಲಿ ಕೇಬಲ್ ಕೆಲಸದಲ್ಲಿದ್ದ ದೂರಸಂಪರ್ಕ ಸಿಬ್ಬಂದಿ ಬೀದಿಯಲ್ಲೇ ನಿಂದನೆ, ಬೆದರಿಕೆಗಳಿಗೆ ಗುರಿಯಾದರು. ಸಂಚುಗಾರ ಕೈಗೆ ಸಿಗುವವನಲ್ಲ, ಅವರು ಸಿಕ್ಕರು.