ಕಚ್ಚಾ ತೈಲದ ಆಮ್ಲತೆ: ಒಂದೇ ಸಂಖ್ಯೆ ಸಾಕೆ?

ಒಂದು ಗ್ರಾಂ ಕಚ್ಚಾ ತೈಲದಲ್ಲಿರುವ ಆಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂಗಳೇ ಅದರ ಆಮ್ಲಸಂಖ್ಯೆ. ಅದು 0.5 ದಾಟಿದರೆ ಸಂಸ್ಕರಣಾಗಾರದವರು ಎಚ್ಚರಗೊಳ್ಳುತ್ತಾರೆ. ಆದರೆ ಆಮ್ಲಸಂಖ್ಯೆ ಒಂದೇ ಆಗಿರುವ ಎರಡು ತೈಲಗಳು ಉಕ್ಕಿನ ಕೊಳವೆಗಳನ್ನು ಒಂದೇ ರೀತಿ ಸವೆಸಬೇಕೆಂದಿಲ್ಲ. ಈ ಸಂಖ್ಯೆಯನ್ನೇ ನಂಬಿ ಕೂರುವುದು ಅಪಾಯ.

ರೋಹಿತ ವಿಧಾನಗಳಿಗೂ ಮಿತಿಗಳಿವೆ. ಅವಕೆಂಪು ರೋಹಿತದಲ್ಲಿ 1,700 ಸೆಂ.ಮೀ.⁻¹ ಆಸುಪಾಸಿನ ಪಟ್ಟೆ ಕಾರ್ಬಾಕ್ಸಿಲ್ ಗುಂಪನ್ನು ತೋರಿಸುತ್ತದೆ. ಅದು ಯಾವ ಅಣುವಿನದೆಂದು ಹೇಳದು. ಅದನ್ನು ಬಿಡಿಸುವುದು ರಾಶಿ ರೋಹಿತಮಾಪಕ: 2001ರಲ್ಲಿ ದಕ್ಷಿಣ ಅಮೆರಿಕದ ಒಂದು ಭಾರ ತೈಲದಲ್ಲಿ 3,000ಕ್ಕೂ ಹೆಚ್ಚು ಆಮ್ಲಗಳ ಧಾತು ಸಂಯೋಜನೆ ಗುರುತಾಯಿತು. ಆದರೆ ಎಲ್ಲ ಅಣುಗಳೂ ಸಮನಾಗಿ ಅಯಾನುಗಳಾಗವು. ಹಾಗಾಗಿ ಶೃಂಗದ ಎತ್ತರವೇ ಪ್ರಮಾಣವಲ್ಲ.

‘ಎಷ್ಟು’ ಮತ್ತು ‘ಯಾವುದು’ ಬೇರೆ ಬೇರೆ ಪ್ರಶ್ನೆಗಳು. ಉಪಕರಣ ಯಾವುದಕ್ಕೆ ಉತ್ತರಿಸುತ್ತಿದೆ ಎಂಬುದನ್ನು ವಿದ್ಯಾರ್ಥಿ ಮೊದಲು ತಿಳಿಯಬೇಕು.