ಗ್ರಹಚಾರ ಅಂದರೆ ಯಾರಿಗೆ ಲಾಭ?

ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಆಯುಧಪೂಜೆಯ ದಿನ ಸಣ್ಣ ಸಣ್ಣ ಶೆಡ್ಡುಗಳ ಮುಂದೆ ಬೂದಗುಂಬಳ ಒಡೆಯುತ್ತಾರೆ. ಲೇತಿಗೆ, ಪವರ್ ಪ್ರೆಸ್ಸಿಗೆ ಕುಂಕುಮ, ಮಾವಿನ ಸೊಪ್ಪು, ನಿಂಬೆಹಣ್ಣು. ಇದನ್ನು ಕಂಡ ವಿದ್ಯಾವಂತರು 'ಓದಿಲ್ಲದ ಜನ, ಮೌಢ್ಯ ಬಿಡೋದಿಲ್ಲ' ಅಂತ ಷರಾ ಬರೆದುಬಿಡುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ.

ಓದಿನ ಕೊರತೆಯೇ ಕಾರಣವಾದರೆ, ಚಂದ್ರಯಾನಗಳನ್ನು ನಿಯಂತ್ರಿಸಿದ ಇಸ್ರೋ ಕೇಂದ್ರ ಇಸ್ಟ್ರಾಕ್ ಇರುವುದು ಇದೇ ಪೀಣ್ಯದಲ್ಲಿ. 2019ರ ಜುಲೈನಲ್ಲಿ ಚಂದ್ರಯಾನ-2 ಹಾರುವ ಮುಂಚೆ ಇಸ್ರೋ ಅಧ್ಯಕ್ಷರು ತಿರುಪತಿಗೆ ಹೋಗಿ ಪೂಜೆ ಸಲ್ಲಿಸಿದರು. ಸೆಪ್ಟೆಂಬರ್ 7ರಂದು ವಿಕ್ರಮ್ ಚಂದ್ರನ ಮೇಲೆ ಬಿದ್ದು ಹಾಳಾಯಿತು. 2023ರ ಜುಲೈನಲ್ಲಿ ವಿಜ್ಞಾನಿಗಳು ಚಂದ್ರಯಾನ-3ರ ಪುಟ್ಟ ಮಾದರಿ ಹಿಡಿದು ಮತ್ತೆ ತಿರುಪತಿಗೆ ಹೋದರು. ಆಗಸ್ಟ್ 23ಕ್ಕೆ ವಿಕ್ರಮ್ ನೆಟ್ಟಗೆ ಇಳಿಯಿತು. ಎರಡು ಸಲವೂ ಪೂಜೆ ಇತ್ತು. ಬದಲಾದದ್ದೇನು? ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಇಳಿಯುವ ಜಾಗವನ್ನು 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ನೌಕೆಯನ್ನು ತಿದ್ದಿದ್ದು ಪ್ರಶ್ನೆ. ಆದರೆ ಆಗಸ್ಟ್ 26ರಂದು ಪ್ರಧಾನಿ ಇಸ್ಟ್ರಾಕಿಗೇ ಬಂದು ಆ ಜಾಗಕ್ಕೆ ಇಟ್ಟ ಹೆಸರು 'ಶಿವಶಕ್ತಿ'!

ಮನುಷ್ಯನ ಮನಸ್ಸು ಬೆಳೆದುಬಂದದ್ದೇ ಹಾಗೆ. ಕತ್ತಲಲ್ಲಿ ಹಗ್ಗವನ್ನು ಹಾವು ಅಂದುಕೊಂಡವನು ಬೆಚ್ಚಿಬಿದ್ದು ಬದುಕಿದ. ಹಾವನ್ನು ಹಗ್ಗ ಅಂದುಕೊಂಡವನು ಸತ್ತ. ಹೆದರಿ ನಂಬೋದು ಅಗ್ಗ, ನಿಂತು ನೋಡೋದು ದುಬಾರಿ. ಫಲಿಸಿದ ಹರಕೆ ನೆನಪಿರುತ್ತೆ, ಫಲಿಸದ ಹತ್ತು ಮರೆತುಹೋಗುತ್ತೆ. ಬದುಕು ಕೈಮೀರಿದಷ್ಟೂ ನಂಬಿಕೆ ಬಿಗಿಯಾಗುತ್ತೆ. ಟ್ರೋಬ್ರಿಯಾಂಡ್ ದ್ವೀಪದ ಜನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯಲು ಮಂತ್ರ ಹಾಕುತ್ತಿರಲಿಲ್ಲ, ಅಪಾಯದ ತೆರೆದ ಕಡಲಿಗೆ ಇಳಿಯುವಾಗ ಹಾಕುತ್ತಿದ್ದರು ಅಂತ ಮಾಲಿನೋವ್ಸ್ಕಿ ಬರೆದಿದ್ದಾರೆ.

ಪ್ರೆಸ್ಸಿನ ಬಾಯಿಗೆ ದಿನವೂ ಕೈ ಕೊಡುವ ಕಾಂಟ್ರಾಕ್ಟ್ ಕೂಲಿಗೆ ಆ ಯಂತ್ರವೇ ತೆರೆದ ಕಡಲು. ಕೆಲಸ ಕಾಯಂ ಅಲ್ಲ, ಕೈ ಕಾಯುವ ಗಾರ್ಡ್ ಇಲ್ಲ. ನಿಂಬೆಹಣ್ಣು ಮಾತ್ರ ಇದೆ. ಬೆರಳು ಹೋದರೆ 'ಗ್ರಹಚಾರ' ಅಂತಾರೆ. ಊರಲ್ಲಿ ಕೇರಿಯವರ ಪಾಡಿಗೆ 'ಪೂರ್ವಜನ್ಮದ ಕರ್ಮ' ಅಂದ ಬಾಯೇ ಇಲ್ಲಿ 'ಗ್ರಹಚಾರ' ಅನ್ನೋದು. ಯಂತ್ರಕ್ಕೆ ರಕ್ಷಣೆ ಹಾಕಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಈ ಒಂದು ಮಾತು ಮಾಲೀಕನಿಗೆ ಉಳಿಸಿಕೊಡುವ ದುಡ್ಡೆಷ್ಟು! ಹೆದರಿದವನ ನಂಬಿಕೆಯನ್ನೂ ಅದರಿಂದ ಲಾಭ ಎಣಿಸುವವನ ನಂಬಿಕೆಯನ್ನೂ ಒಂದೇ ತಕ್ಕಡಿಗೆ ಹಾಕುವ ವೈಚಾರಿಕತೆ ಮೇಲಿನವರದ್ದು, ನಮ್ಮದಲ್ಲ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಅವರು ಪರೀಕ್ಷೆಗೆ ಕರೆದದ್ದು ಹರಕೆ ಹೊತ್ತ ಕೂಲಿಯವನನ್ನಲ್ಲ, ಪುಟ್ಟಪರ್ತಿಯ ಸಾಯಿಬಾಬಾರನ್ನು. ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಪ್ರಶ್ನೆ ಹೀಗೆ ಮೇಲಕ್ಕೆ ಹೋಗಬೇಕು.

ಮೇಷ್ಟರೆ, ಫಲಿಸಿದ ಹರಕೆಯ ಪಕ್ಕದಲ್ಲೇ ಫಲಿಸದ್ದನ್ನೂ ಬರೆದಿಡಲು ಮಕ್ಕಳಿಗೆ ಕಲಿಸಿ. ಗೆಳೆಯರೆ, ಶೆಡ್ಡಿನವನ ದೇವರನ್ನು ಹೀಯಾಳಿಸುವ ಮುಂಚೆ ಅವನ ಜೊತೆ ನಿಂತು ಗಾರ್ಡ್ ಕೇಳಿ. ಅದು ಬಂದ ಮೇಲೆ ಕೈ ಉಳಿಸಿದ್ದು ಯಾವುದು ಅಂತ ಅವನೇ ಲೆಕ್ಕ ಹಾಕುತ್ತಾನೆ.