ಕೊಡುವ ಹುಡುಗಿ, ಬಯಸುವ ಹುಡುಗಿ: ಮಕ್ಕಳ ಕಥನಗಳ ಹೆಣ್ಣುಪಾತ್ರ ಮತ್ತು ಬಾಲಕಿಯರ ಆಕಾಂಕ್ಷೆ

ಮಕ್ಕಳ ಸಾಹಿತ್ಯ, ಚಲನಚಿತ್ರ ಹಾಗೂ ದೂರದರ್ಶನದ ಕಥನಗಳಲ್ಲಿ ಬರುವ ಹೆಣ್ಣುಪಾತ್ರಗಳನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಅವುಗಳ ಸಂಖ್ಯೆ ಮತ್ತು ಸ್ವಭಾವಗಳ ಸುತ್ತಲೇ ನಡೆಯುತ್ತ ಬಂದಿದೆ. ಎಷ್ಟು ಕಥೆಗಳಲ್ಲಿ ಹುಡುಗಿ ನಾಯಕಿಯಾಗಿದ್ದಾಳೆ, ಆಕೆ ಧೈರ್ಯವಂತೆಯೋ ಅಂಜುಬುರುಕಿಯೋ ಎಂಬ ಪ್ರಶ್ನೆಗಳು ಅಗತ್ಯವಾದವುಗಳೇ. ಆದರೆ ಓದುವ, ನೋಡುವ ಬಾಲಕಿಯ ಆಕಾಂಕ್ಷೆ ರೂಪುಗೊಳ್ಳುವ ಬಗೆಯನ್ನು ಅರಿಯಲು ಇನ್ನೂ ಎರಡು ಪ್ರಶ್ನೆಗಳು ಬೇಕಾಗುತ್ತವೆ. ಆ ಪಾತ್ರವು ತನಗಾಗಿ ಏನನ್ನಾದರೂ ಬಯಸುತ್ತದೆಯೇ? ಬಯಸಿದಲ್ಲಿ, ಆ ಬಯಕೆಯನ್ನು ಅದು ಯಾರೆದುರು ಸಮರ್ಥಿಸಿಕೊಳ್ಳಬೇಕಾಗುತ್ತದೆ? ಕನ್ನಡದ ಬಾಲಕಿಗೆ ಪರಿಚಿತವಾದ ಕೆಲವು ಪಾತ್ರಗಳನ್ನು ಈ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯಂಥ ಪ್ರದೇಶದಲ್ಲಿ ವಿಶೇಷ ಅರ್ಥವಿದೆ. 2007ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೆ ಸೀಮಿತವಾದ ಈ ಜಿಲ್ಲೆಯಲ್ಲಿ ಮಗ್ಗದ ಮನೆ, ರೇಷ್ಮೆ ಹುಳು ಸಾಕಣೆ, ದ್ರಾಕ್ಷಿ ತೋಟಗಳ ಪಕ್ಕದಲ್ಲಿಯೇ ಸಿದ್ಧ ಉಡುಪು ಕಾರ್ಖಾನೆಗಳೂ ಗೋದಾಮುಗಳೂ ಎದ್ದಿವೆ. 2008ರಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಹೀಗೆ ಉದ್ಯೋಗದ ಲೋಕ ಮನೆಯಂಗಳಕ್ಕೇ ಬಂದ ಜಿಲ್ಲೆಯಲ್ಲಿ, 2011ರ ಜನಗಣತಿಯ ಪ್ರಕಾರ ಪುರುಷರ ಸಾಕ್ಷರತೆ ಶೇ. 84.82 ಇದ್ದರೆ ಸ್ತ್ರೀಯರದು ಶೇ. 70.63 ಮಾತ್ರ. ವಿಮಾನವನ್ನು ದಿನವೂ ಕಾಣುವ ಹುಡುಗಿಗೆ ತಾನೂ ಅದನ್ನು ನಡೆಸಬಹುದೆಂದು ಅನಿಸಬೇಕಾದರೆ, ಅದಕ್ಕೂ ಮೊದಲು ಬಯಸುವುದು ತಪ್ಪಲ್ಲವೆಂದು ಆಕೆಗೆ ಯಾರಾದರೂ ಹೇಳಿರಬೇಕಾಗುತ್ತದೆ. ಕಥೆಗಳು ನಿರ್ವಹಿಸುವ ಕಾರ್ಯ ಇದೇ.

ಪರಂಪರೆಯಿಂದ ಆಕೆಗೆ ದೊರೆಯುವ ಮೊದಲ ಪಾತ್ರಗಳು ಕೊಡುವ ಪಾತ್ರಗಳು. ಗೋವಿನ ಹಾಡಿನ ಪುಣ್ಯಕೋಟಿ ಹುಲಿಯ ಬಳಿ ಕೇಳಿಕೊಳ್ಳುವುದು ಕರುವಿಗೆ ಹಾಲೂಡಿಸಿ ಬರುವಷ್ಟು ಅವಕಾಶವನ್ನು. ‘ಕೆರೆಗೆ ಹಾರ’ದ ಭಾಗೀರಥಿ ಊರಿನ ನೀರಿಗಾಗಿ ಬಲಿಯಾಗುತ್ತಾಳೆ, ಆ ನಿರ್ಧಾರದಲ್ಲಿ ಅವಳ ಮಾತಿಗೆ ಎಡೆಯೇ ಇಲ್ಲ. ಈ ಕಥನಗಳ ನೈತಿಕ ಶಕ್ತಿ, ವಿಶೇಷವಾಗಿ ಭಾಗೀರಥಿಯ ಕಥೆಯೊಳಗಿನ ದುಃಖ, ಪ್ರಶ್ನಾತೀತವಾದುದು. ಆದರೆ ಬಾಲಪಾಠವಾಗಿ ಅವು ಬಳಕೆಯಾಗುವಾಗ ದುಃಖವು ಹಿಂದೆ ಸರಿದು ತ್ಯಾಗವೇ ಮಾದರಿಯಾಗಿ ಉಳಿಯುತ್ತದೆ.

ಎರಡನೆಯ ವರ್ಗ ಕಾಯುವ ಪಾತ್ರಗಳದು. ಒನಕೆ ಓಬವ್ವ, ಉಳ್ಳಾಲದ ಅಬ್ಬಕ್ಕ, ಕಿತ್ತೂರಿನ ಚೆನ್ನಮ್ಮ ಈ ಸಾಲಿಗೆ ಸೇರುತ್ತಾರೆ. 1972ರ ‘ನಾಗರಹಾವು’ ಚಿತ್ರದ ನಂತರ ಓಬವ್ವನ ಚಿತ್ರ ಕನ್ನಡದ ಮನೆಮನೆಯಲ್ಲಿ ನೆಲೆಯಾಯಿತು. ಗಂಡನ ಊಟದ ಹೊತ್ತಿನಲ್ಲಿ ನೀರು ತರಲು ಹೋದವಳು ಕೋಟೆಯನ್ನೇ ಉಳಿಸಿದ ಆ ಕಥೆ ಹುಡುಗಿಯರಿಗೆ ಎದೆಗಾರಿಕೆಯನ್ನು ಕೊಟ್ಟಿದೆ. ಆದರೂ ಇಲ್ಲಿ ಸಂದರ್ಭ ಬಂದೊದಗುವುದು ಹೊರಗಿನಿಂದ. ಶತ್ರು ಬಂದಾಗ ಒನಕೆ ಆಯುಧವಾಗುತ್ತದೆ. ಶತ್ರು ಬಾರದಿದ್ದರೆ ಅದು ಒನಕೆಯಾಗಿಯೇ ಉಳಿಯುತ್ತದೆ. ನಾಳೆ ತಾನೇನಾಗಬೇಕೆಂಬ ಸಾಮಾನ್ಯ ದಿನದ ಪ್ರಶ್ನೆಗೆ ಈ ವೀರಗಾಥೆಗಳಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಯನ್ನು ಎತ್ತಿಕೊಂಡ ಕನ್ನಡದ ಪ್ರಸಿದ್ಧ ಮಕ್ಕಳ ಚಿತ್ರಗಳು ಕನಸನ್ನು ಹುಡುಗನಿಗೆ ವಹಿಸಿದವು. ಟಿ. ಎಸ್. ನಾಗಾಭರಣ ಅವರ ‘ಚಿನ್ನಾರಿ ಮುತ್ತ’ (1993) ಓಟಗಾರನಾಗುವ ಹಳ್ಳಿಯ ಹುಡುಗನ ಕಥೆ. ಕುಂ. ವೀರಭದ್ರಪ್ಪ ಅವರ ಕಥೆಯನ್ನು ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ (1994) ಓದಬಯಸುವ ದಲಿತ ಬಾಲಕನದು. ಎರಡೂ ಪಾತ್ರಗಳನ್ನು ನಿರ್ವಹಿಸಿದವರು ಅಂದಿನ ಬಾಲನಟ ವಿಜಯ ರಾಘವೇಂದ್ರ. ಕೊಟ್ರೇಶಿಯ ಹಾದಿಯಲ್ಲಿ ಜಾತಿಯ ಕ್ರೂರ ಅಡ್ಡಿಗಳಿವೆ. ಆದರೆ ಓದುವ ಅವನ ಬಯಕೆ ನ್ಯಾಯವಾದುದೇ ಎಂದು ಚಿತ್ರ ಎಲ್ಲಿಯೂ ಪ್ರಶ್ನಿಸುವುದಿಲ್ಲ.

ಇದೇ ದಶಕದಲ್ಲಿ ಬಯಸುವ ಹುಡುಗಿಯೊಬ್ಬಳು ಬಂದದ್ದು ಯುನಿಸೆಫ್ ಸಂಸ್ಥೆ ದಕ್ಷಿಣ ಏಷ್ಯಾಕ್ಕಾಗಿ ರೂಪಿಸಿದ ‘ಮೀನಾ’ ವ್ಯಂಗ್ಯಚಿತ್ರ ಮಾಲೆಯ ಮೂಲಕ. ಸಾರ್ಕ್ ದೇಶಗಳು 1991ರಿಂದ 2000ದವರೆಗಿನ ಅವಧಿಯನ್ನು ಹೆಣ್ಣುಮಗುವಿನ ದಶಕವೆಂದು ಸಾರಿದ್ದ ಸಂದರ್ಭವದು. ಭಾರತದ ಹಿರಿಯ ಅನಿಮೇಷನ್ ಕಲಾವಿದ ರಾಮ್ ಮೋಹನ್ ಈ ಪಾತ್ರದ ರಚನೆಯಲ್ಲಿ ಪ್ರಮುಖರು. ಮುಂದೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿಯೂ ಆಕೆಯ ಹೆಸರಿನ ‘ಮೀನಾ ತಂಡ’ಗಳು ರಚನೆಯಾದವು. ತಮ್ಮ ರಾಜು ಶಾಲೆಗೆ ಹೋಗುತ್ತಾನೆ. ಮೀನಾ ಮನೆಗೆಲಸಕ್ಕೆ ಉಳಿಯುತ್ತಾಳೆ. ತನ್ನ ಗಿಳಿ ಮಿಠ್ಠುವನ್ನು ಶಾಲೆಯತ್ತ ಕಳುಹಿಸಿ ಅದರ ಬಾಯಿಂದ ಪಾಠ ಕಲಿಯುತ್ತಾಳೆ. ಕಲಿತ ಲೆಕ್ಕದಿಂದ ಕೋಳಿಗಳನ್ನು ಎಣಿಸಿ ಕಳವನ್ನು ಪತ್ತೆಹಚ್ಚಿದ ಮೇಲೆ ಶಾಲೆಯ ಬಾಗಿಲು ತೆರೆಯುತ್ತದೆ.

ಈ ಕಥೆಯ ಸಾಧನೆ ಮತ್ತು ಮಿತಿ ಒಂದೇ ಘಟನೆಯಲ್ಲಿ ಅಡಗಿವೆ. ಹುಡುಗಿಯ ಬಯಕೆಯೇ ಕಥೆಯನ್ನು ನಡೆಸುತ್ತದೆ ಎಂಬುದು ಸಾಧನೆ. ಆದರೆ ಆ ಬಯಕೆಗೆ ಒಪ್ಪಿಗೆ ದೊರೆಯುವುದು ಮನೆಯ ಕೋಳಿ ಉಳಿದ ಮೇಲೆ. ಮುತ್ತನಾಗಲಿ ಕೊಟ್ರೇಶಿಯಾಗಲಿ ಕಟ್ಟಬೇಕಾಗದ ಸುಂಕವನ್ನು ಮೀನಾ ಕಟ್ಟುತ್ತಾಳೆ. ತಂದೆತಾಯಿಯರ ಮನವೊಲಿಸುವ ಯೋಜನೆಗೆ ಈ ತಂತ್ರ ಅನಿವಾರ್ಯವಾಗಿದ್ದಿರಬಹುದು. ಆದರೆ ಅದನ್ನು ನೋಡುವ ಬಾಲಕಿ ಕಲಿಯುವ ಪಾಠ ಎರಡಲುಗಿನದು: ಓದಬಹುದು, ಮನೆಗೆ ಉಪಯೋಗವಾದರೆ. ಉಪಯೋಗದ ಲೆಕ್ಕಾಚಾರವೇ ಮುಂದೊಂದು ದಿನ ಉಡುಪು ಕಾರ್ಖಾನೆಯ ಸಂಬಳವನ್ನೋ ಮದುವೆಯನ್ನೋ ಓದಿಗಿಂತ ಲಾಭದಾಯಕವೆಂದು ತೋರಿಸಿದಾಗ ಆಕೆಯ ಬಳಿ ಪ್ರತಿವಾದವಿರುವುದಿಲ್ಲ.

ಇದಕ್ಕೆ ಎದುರಾಗಿ ಅನ್ನಾ ಮಣಿ (1918–2001) ಅವರ ಬದುಕನ್ನು ಇಟ್ಟು ನೋಡಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ, ಮುಂದೆ ಭಾರತೀಯ ಹವಾಮಾನ ಇಲಾಖೆಯಲ್ಲಿ ಮಾಪನ ಉಪಕರಣಗಳನ್ನು ರೂಪಿಸಿದ ಈ ವಿಜ್ಞಾನಿಯನ್ನು ಕುರಿತು ಬೆಂಗಳೂರಿನ ಪ್ರಥಮ್ ಬುಕ್ಸ್ ಮಕ್ಕಳ ಚಿತ್ರಪುಸ್ತಕವನ್ನು ಪ್ರಕಟಿಸಿದೆ. ನಂದಿತಾ ಜಯರಾಜ್ ಅದರ ಲೇಖಕಿ, ಪ್ರಿಯಾ ಕುರಿಯನ್ ಚಿತ್ರಕಾರರು. ಎಂಟನೆಯ ಹುಟ್ಟುಹಬ್ಬಕ್ಕೆ ವಜ್ರದ ಓಲೆಯನ್ನು ನಿರಾಕರಿಸಿ ವಿಶ್ವಕೋಶವನ್ನು ಕೇಳಿದ ಬಾಲಕಿ ಆಕೆ. ಈ ಬಯಕೆಗೆ ಯಾವ ಸುಂಕವೂ ಇಲ್ಲ. ಕುತೂಹಲವೇ ಅದಕ್ಕೆ ಸಾಕಾದ ಕಾರಣ. ಆದರೆ ವಜ್ರದ ಓಲೆಯನ್ನು ನಿರಾಕರಿಸಲು ಮೊದಲು ಅದು ಮನೆಯಲ್ಲಿರಬೇಕು. ದೊಡ್ಡಬಳ್ಳಾಪುರದ ನೇಕಾರರ ಮಗಳಿಗೆ ಈ ಪಾತ್ರ ಸ್ಫೂರ್ತಿಯಾದರೂ ಹಾದಿಯಾಗುವುದು ಕಷ್ಟ.

ಮೀನಾ ಶಾಲೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅನ್ನಾ ಮಣಿ ಪ್ರಯೋಗಾಲಯದಲ್ಲಿದ್ದಾರೆ. ಇವೆರಡರ ನಡುವಿನ ಹಾದಿಯನ್ನು, ಅಂದರೆ ಪ್ರೌಢಶಾಲೆಯಿಂದ ಪದವಿಪೂರ್ವ ಕಾಲೇಜಿನವರೆಗಿನ ವರ್ಷಗಳನ್ನು, ಚಿತ್ರಿಸುವ ಬಾಲಕಿ ಪಾತ್ರಗಳು ಕನ್ನಡದಲ್ಲಿ ವಿರಳ. ಆಕಾಂಕ್ಷೆ ಮುರಿಯುವುದು ಅಲ್ಲಿಯೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರ ಪೈಕಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮುನ್ನವೇ ಮದುವೆಯಾಗಿತ್ತು.

ಹತ್ತಿರದ ಮಾದರಿಯ ಪ್ರಭಾವಕ್ಕೆ ಪುರಾವೆಯಿದೆ. ಲೋರಿ ಬೀಮನ್, ಎಸ್ತರ್ ಡುಫ್ಲೋ, ರೋಹಿಣಿ ಪಾಂಡೆ, ಪೆಟಿಯಾ ಟೊಪಲೋವಾ ಅವರು ಪಶ್ಚಿಮ ಬಂಗಾಳದ 495 ಗ್ರಾಮಗಳಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಪಂಚಾಯಿತಿಯ ನಾಯಕತ್ವ ಎರಡು ಅವಧಿಗೆ ಮಹಿಳೆಗೆ ಮೀಸಲಾದ ಕಡೆ ಹುಡುಗ–ಹುಡುಗಿಯರ ಆಕಾಂಕ್ಷೆಗಳ ಅಂತರ ಗಣನೀಯವಾಗಿ ತಗ್ಗಿದುದನ್ನು ತೋರಿಸಿತು. 1983ರ ಕಾಯಿದೆಯ ಮೂಲಕವೇ ಮಹಿಳೆಯರಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಶೇ. 25ರಷ್ಟು ಸ್ಥಾನ ಕಲ್ಪಿಸಿದ ಕರ್ನಾಟಕಕ್ಕೆ ಇಂಥ ಮಾದರಿಗಳ ಕೊರತೆಯಿಲ್ಲ. ಪಂಚಾಯಿತಿ ಅಧ್ಯಕ್ಷೆ, ಆಶಾ ಕಾರ್ಯಕರ್ತೆ, ಬಸ್ ನಿರ್ವಾಹಕಿ ಊರಲ್ಲಿಯೇ ಇದ್ದಾರೆ. ಕಥೆಗಳಿಗೆ ಅವರು ಇನ್ನೂ ಸಾಕಷ್ಟು ಬಂದಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳತ್ತ ಕರೆತಂದಿತು. ಅಲ್ಲಿಗೆ ಪುಸ್ತಕ ಆರಿಸುವವರು ಹುಡುಗಿ ಧೈರ್ಯವಂತೆಯೇ ಎಂಬುದರ ಜೊತೆಗೆ, ಅವಳು ಏನನ್ನು ಬಯಸಿದಳು, ಆ ಬಯಕೆಗೆ ಎಷ್ಟು ಸುಂಕ ತೆತ್ತಳು ಎಂಬುದನ್ನೂ ನೋಡಬೇಕಾಗಿದೆ. ಮಕ್ಕಳ ಕಥನಗಳ ವಿಮರ್ಶೆಗೂ ಇದೇ ಅಳತೆಗೋಲಾದೀತು.